ಹಾಸಿಗೆ ಹಿಡಿದ ಹೊತ್ತಿನ ಕುಂಡಲಿ: 17ನೇ ಶತಮಾನದ ಇಂಗ್ಲಿಷ್ ವೈದ್ಯರ ಲೆಕ್ಕ

ಪ್ರಶ್ನೆ: ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಸೈಮನ್ ಫೋರ್ಮನ್ ಮತ್ತು ರಿಚರ್ಡ್ ನೇಪಿಯರ್ ಎಂಬ ಜ್ಯೋತಿಷಿ ವೈದ್ಯರ ರೋಗಿ ದಾಖಲೆಗಳನ್ನು ಓದುತ್ತಿದ್ದೇನೆ. ಅಲ್ಲಿನ ತಾರೀಖು, ವೇಳೆಗಳನ್ನು ನಮ್ಮ ಜ್ಯೋತಿಷ್ಯ ಆ್ಯಪ್‌ಗೆ ಹಾಕಿದರೆ ಚಂದ್ರನ ರಾಶಿಯೇ ಹೊಂದುವುದಿಲ್ಲ. ಏನು ತಪ್ಪಿದೆ?

ಉತ್ತರ: ತಪ್ಪು ಎರಡು ಕಡೆ ಇರುತ್ತದೆ. ಮೊದಲು ತಾರೀಖು ನೋಡಿ. ಇಂಗ್ಲೆಂಡ್ 1752ರವರೆಗೂ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಬಿಡಲಿಲ್ಲ. 17ನೇ ಶತಮಾನದ ತಾರೀಖಿಗೆ 10 ದಿನ ಕೂಡಿಸಬೇಕು. ಹೊಸ ವರ್ಷವನ್ನೂ ಸಾಮಾನ್ಯವಾಗಿ ಮಾರ್ಚ್ 25ರಿಂದ ಎಣಿಸುತ್ತಿದ್ದರು. ಆ ಎಣಿಕೆಯಲ್ಲಿ 1620ರ ಫೆಬ್ರವರಿ 10 ಎಂದರೆ ನಮಗೆ 1621ರ ಫೆಬ್ರವರಿ 20. ಹತ್ತು ದಿನದಲ್ಲಿ ಚಂದ್ರ ನಾಲ್ಕು ರಾಶಿ ದಾಟಿಬಿಡುತ್ತಾನೆ.

ಎರಡನೆಯದು ಅಯನಾಂಶ, ಅಂದರೆ ಸಾಯನ ಮತ್ತು ನಿರಯಣ ಲೆಕ್ಕಗಳ ನಡುವಿನ ಅಂತರ. ಅವರದು ಸಾಯನ (ವಸಂತ ವಿಷುವದಿಂದ ರಾಶಿ ಎಣಿಸುವುದು), ನಮ್ಮ ಆ್ಯಪ್‌ಗಳದು ನಿರಯಣ (ಸ್ಥಿರ ನಕ್ಷತ್ರಗಳಿಂದ ಎಣಿಸುವುದು). 1620ರ ಹೊತ್ತಿಗೆ ಭಾರತದಲ್ಲಿ ಹೆಚ್ಚು ಬಳಸುವ ಲಾಹಿರಿ ಅಯನಾಂಶ ಸುಮಾರು 18.5 ಡಿಗ್ರಿ. ಅವರು ಮೇಷ 10 ಡಿಗ್ರಿ ಎಂದದ್ದು ನಿಮ್ಮ ಪರದೆಯಲ್ಲಿ ಮೀನ 21.5 ಆಗುತ್ತದೆ. ಸೆಟ್ಟಿಂಗ್‌ನಲ್ಲಿ ಸಾಯನ ಆರಿಸಿಕೊಳ್ಳಿ.

ಪ್ರಶ್ನೆ: ಸರಿಹೋಯಿತು ಸರ್. ಇನ್ನು ರೋಗ ತಿರುಗುವ (ಏರುವ ಇಲ್ಲವೇ ಇಳಿಯುವ) ದಿನವನ್ನು ಹೇಗೆ ಹೇಳುತ್ತಿದ್ದರು? ಗಿಡವನ್ನು ಹೇಗೆ ಆರಿಸುತ್ತಿದ್ದರು?

ಉತ್ತರ: ರೋಗಿ ಹಾಸಿಗೆ ಹಿಡಿದ ಹೊತ್ತಿನ ಚಂದ್ರನ ಸ್ಥಾನ ಬರೆದುಕೊಳ್ಳಿ. ಅಲ್ಲಿಂದ ಚಂದ್ರ 90, 180, 270 ಡಿಗ್ರಿ ದಾಟುವಾಗ ರೋಗ ತಿರುಗುವ ದಿನ. ಇವುಗಳ ನಟ್ಟನಡುವೆ, ಅಂದರೆ 45, 135, 225 ಡಿಗ್ರಿಗಳಲ್ಲಿ, ಮುನ್ಸೂಚನೆ. 7, 14, 21ನೇ ದಿನ ಎಂದು ಬೆರಳೆಣಿಸಿದರೆ ಕೆಡುತ್ತದೆ. ಚಂದ್ರನ ನಡೆ ದಿನಕ್ಕೆ ಹೆಚ್ಚುಕಡಿಮೆ 12ರಿಂದ 15 ಡಿಗ್ರಿ, ಹಾಗಾಗಿ 90 ಡಿಗ್ರಿಗೆ ಆರು ದಿನವೂ ಆದೀತು, ಏಳೂವರೆಯೂ ಆದೀತು. ಫೋರ್ಮನ್, ನೇಪಿಯರ್ ಬಹುಪಾಲು ರೋಗಿ ಅಥವಾ ಅವರ ಕಡೆಯವರು ಪ್ರಶ್ನೆ ಕೇಳಿದ ಹೊತ್ತಿಗೇ ಕುಂಡಲಿ ಹಾಕಿದ್ದಾರೆ. ಅದನ್ನು ಹಾಸಿಗೆ ಹಿಡಿದ ವೇಳೆ ಎಂದು ಓದಬೇಡಿ.

ಗಿಡದ ಆಯ್ಕೆಗೆ ಇಂಗ್ಲಿಷ್ ಗಿಡಮೂಲಿಕೆ ವೈದ್ಯ ನಿಕೋಲಸ್ ಕಲ್ಪೆಪರ್ 1652ರಲ್ಲಿ ಕೊಟ್ಟ ನಿಯಮ ಅತ್ಯಂತ ಸ್ಪಷ್ಟ. ರೋಗ ತಂದ ಗ್ರಹಕ್ಕೆ ಎದುರಾದ ಗ್ರಹದ ಗಿಡ ಕೊಡಬೇಕು: ಕುಜನ ರೋಗಕ್ಕೆ ಶುಕ್ರನ ಗಿಡ, ಗುರುವಿನದಕ್ಕೆ ಬುಧನದು. ಕೆಲವೊಮ್ಮೆ ಅದೇ ಗ್ರಹದ ಗಿಡವೂ ಆಗುತ್ತದೆ. ಶನಿಯ ಗಿಡ ಗುಲ್ಮಕ್ಕೆ, ಗುರುವಿನದು ಯಕೃತ್ತಿಗೆ, ಕುಜನದು ಪಿತ್ತಕೋಶಕ್ಕೆ. ನಮ್ಮ ಮಾಚಿಪತ್ರೆಯ ಕುಲದ್ದೇ ಆದ ವರ್ಮ್‌ವುಡ್ ಅವನ ಪಟ್ಟಿಯಲ್ಲಿ ಕುಜನದು. ಕಲ್ಪೆಪರ್ ದೊಡ್ಡವನಾಗುವುದು ನನ್ನ ದೃಷ್ಟಿಯಲ್ಲಿ ಗ್ರಹಗಳಿಂದಲ್ಲ: ವೈದ್ಯರ ಕಾಲೇಜಿನ ಲ್ಯಾಟಿನ್ ಔಷಧಕೋಶವನ್ನು 1649ರಲ್ಲಿ ಇಂಗ್ಲಿಷಿಗೆ ತಂದು, ಬಡವರ ಕೈಗೆ ಸಿಗುವಂತೆ ಮಾಡಿದ.

ಪ್ರಶ್ನೆ: ಆ ಕಾಲದ ಔಷಧಗಳ ತೂಕಗಳನ್ನು ಗ್ರಾಂಗೆ ತಂದು ಒಂದೆರಡು ಕಷಾಯ ಮಾಡಿ ನೋಡಬಹುದೇ?

ಉತ್ತರ: ತೂಕ ತಿಳಿದುಕೊಳ್ಳಿ, ಕುಡಿಯಬೇಡಿ. 20 ಗ್ರೇನ್ ಒಂದು ಸ್ಕ್ರೂಪಲ್, 3 ಸ್ಕ್ರೂಪಲ್ ಒಂದು ಡ್ರಾಮ್ (ಸುಮಾರು 3.9 ಗ್ರಾಂ), 8 ಡ್ರಾಮ್ ಒಂದು ಔನ್ಸ್. ಔಷಧದಂಗಡಿಯ ಪೌಂಡಿಗೆ 12 ಔನ್ಸ್ ಮಾತ್ರ, ಅಂದರೆ 373 ಗ್ರಾಂ. ಈಗಿನ 454 ಅಲ್ಲ. ಅದಕ್ಕಿಂತ ದೊಡ್ಡ ಅಪಾಯ ಗಿಡ ಗುರುತಿಸುವುದರಲ್ಲಿದೆ. ಹೂ ಬಿಡುವ ಮುಂಚೆ ಕಾಂಫ್ರಿ ಎಂಬ ಮೂಲಿಕೆಯ ಎಲೆಯೂ ಫಾಕ್ಸ್‌ಗ್ಲೋವ್ ಎಂಬ ವಿಷಗಿಡದ ಎಲೆಯೂ ಒಂದೇ ಥರ ಕಾಣುತ್ತವೆ. ಫಾಕ್ಸ್‌ಗ್ಲೋವ್‌ನಲ್ಲಿರುವ ಡಿಜಿಟಾಕ್ಸಿನ್ ಹೃದಯದ ಬಡಿತ ಕೆಡಿಸಿ ಕೊಲ್ಲಬಲ್ಲದು. ಕಾಂಫ್ರಿಯನ್ನೇ ಸರಿಯಾಗಿ ಗುರುತಿಸಿ ತಂದರೂ, ಹೊಟ್ಟೆಗೆ ತೆಗೆದುಕೊಂಡರೆ ಯಕೃತ್ತಿಗೆ ಹಾನಿ.