ಪದಚರ್ಚೆ: ಫ್ರಂಟೆಂಡ್‌ನವರು, ಬ್ಯಾಕೆಂಡ್‌ನವರು, ನಡುವಿನ ‘ಕಾಂಟ್ರಾಕ್ಟ್’

ಬಳಗದವರಿಗೆ ನಮಸ್ಕಾರ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ಸಣ್ಣದೊಂದು ಸಾಫ್ಟ್‌ವೇರ್ ಕಚೇರಿಯಲ್ಲಿ ನನ್ನ ಕೆಲಸ. ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ ಬರುವ ಹುಡುಗ ಹುಡುಗಿಯರಿಗೆಂದು ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸರ್ವರ್, ಕೋಡ್, ಡೇಟಾಬೇಸ್ ಎಲ್ಲ ಇದ್ದ ಹಾಗೇ ಇಟ್ಟಿದ್ದೇನೆ, ಅವುಗಳ ತಂಟೆಗೆ ಹೋಗಿಲ್ಲ. ತೊಡಕಾಗಿರುವುದು ಆ ಕೆಲಸ ಮಾಡುವವರನ್ನು ಏನೆಂದು ಕರೆಯಬೇಕು ಅನ್ನುವುದರಲ್ಲಿ.

ಈ ಕಸುಬಿನವರಲ್ಲದವರಿಗೆ ಎರಡು ಮಾತು. ಬ್ರೌಸರಿನಲ್ಲಿ ಕಾಣುವ ಪುಟ, ಬಟನ್ನು, ಫಾರಂ ಫ್ರಂಟೆಂಡ್‌ನವರ ಪಾಲು. ಲೆಕ್ಕಾಚಾರ, ಮಾಹಿತಿಯ ದಾಸ್ತಾನು, ಯಾರು ಏನು ನೋಡಬಹುದು ಅನ್ನುವ ತೀರ್ಮಾನ ಬ್ಯಾಕೆಂಡ್‌ನವರ ಪಾಲು. ಮೊದಲೆಲ್ಲ ಸರ್ವರೇ ಇಡೀ ಪುಟ ಕಟ್ಟಿ ಕಳಿಸುತ್ತಿತ್ತು. ಎರಡೂ ಕೆಲಸ ಒಬ್ಬರೇ ಮಾಡುವುದೂ ಇತ್ತು. 2005ರಲ್ಲಿ ‘ಏಜಾಕ್ಸ್’ ಎಂಬ ಹೆಸರು ಹುಟ್ಟಿದ ಮೇಲೆ, ತೆರೆದ ಪುಟ ತೆರೆದಂತೆಯೇ ಇರಲಿ, ಬೇಕಾದಷ್ಟು ಮಾಹಿತಿ ಮಾತ್ರ ತರಿಸಿಕೊಳ್ಳೋಣ ಅನ್ನುವ ರೂಢಿ ಹಬ್ಬಿತು. ಕೆಲಸ ಪಾಲಾಗುತ್ತಾ ಬಂತು.

ಈಗ ಹೆಸರಿನ ವಿಷಯ. ‘ಮುಂಬದಿ–ಹಿಂಬದಿ’ ಎಲ್ಲರಿಗೂ ಮೊದಲು ಹೊಳೆಯುವ ಜೋಡಿ. ಆದರೆ ಪೇಪರ್ ಓದುವವರಿಗೆ ‘ಹಿಂಬದಿ’ ಅಂದ ತಕ್ಷಣ ‘ಸವಾರ’ ಬಂದುಬಿಡುತ್ತಾನೆ, ಅದೂ ಹೆಲ್ಮೆಟ್ ಇಲ್ಲದೆ. ನಮ್ಮ ಬ್ಯಾಕೆಂಡ್ ಹುಡುಗನೊಬ್ಬ “ಗಾಡಿ ಓಡ್ಸೋರೇ ನಾವು ಕಣಕ್ಕ, ಹಿಂದೆ ಕೂರೋರಲ್ಲ” ಅಂದ. ‘ಮುಂದಿನವರು–ಹಿಂದಿನವರು’ ಅನ್ನೋಣವೆಂದರೆ ಅದು ಕಾಲಕ್ಕೆ ಹೋಗಿ ಸೇರುತ್ತದೆ. “ಹಿಂದಿನವರು ಮಾಡಿದ ಎಡವಟ್ಟು” ಅಂದರೆ ಸರ್ವರ್ ನೋಡಿಕೊಳ್ಳುವವರದೋ, ಕೆಲಸ ಬಿಟ್ಟು ಬೆಂಗಳೂರಿಗೆ ಹೋದವರದೋ? (ನಮ್ಮಲ್ಲಿ ಸಾಮಾನ್ಯವಾಗಿ ಎರಡನೆಯವರ ತಲೆಗೇ ಕಟ್ಟುತ್ತೇವೆ.) ‘ಹಿನ್ನೆಲೆ’ಯನ್ನು ಗಾಯಕರಿಗೂ ಪೊಲೀಸ್ ವಿಚಾರಣೆಗೂ ಬಿಟ್ಟುಕೊಟ್ಟಾಗಿದೆ.

ನನಗೆ ಇಷ್ಟವಾಗಿದ್ದು ‘ಮುಮ್ಮೇಳ–ಹಿಮ್ಮೇಳ’. ನಮ್ಮ ಕಡೆ ಮೂಡಲಪಾಯ ಯಕ್ಷಗಾನ ನೋಡಿದವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ: ಕುಣಿಯುವವರು ಮುಂದೆ, ಭಾಗವತರೂ ಮದ್ದಳೆಯೂ ಹಿಂದೆ, ತಾಳ ಇಬ್ಬರಿಗೂ ಒಂದೇ. ಆದರೆ ಇವತ್ತಿನ ರಾಜಕೀಯ ವರದಿಗಳಲ್ಲಿ ‘ಹಿಮ್ಮೇಳ’ ಅಂದರೆ ಹೌದಪ್ಪ ಹಾಕುವವರ ಗುಂಪು. ಭಾಗವತರೇ ಆಟ ನಡೆಸುವವರು ಅನ್ನುವುದನ್ನು ಕೈಪಿಡಿಯ ಅಡಿಟಿಪ್ಪಣಿಯಲ್ಲಿ ವಿವರಿಸಿಕೊಂಡು ಕೂರಲಾಗದು.

ಇಷ್ಟೆಲ್ಲ ತಡಕಾಡುವಾಗ ಕಚೇರಿಯ ಮಾತಿಗೆ ಕಿವಿ ಕೊಟ್ಟೆ.

“ನಿಮ್ ಕಡೆಯಿಂದ ಏನೂ ಬರ್ತಿಲ್ಲ.”

“ಪೋಸ್ಟ್‌ಮ್ಯಾನ್‌ನಾಗೆ ಬರ್ತೈತಲ್ಲಕ್ಕ, ನಿಮ್ ಕಡೆ ನೋಡ್ಕಳಿ.”

ಪೋಸ್ಟ್‌ಮ್ಯಾನ್ ಅಂದರೆ ಅಂಚೆಯಣ್ಣನಲ್ಲ, ಬ್ರೌಸರಿನ ಹಂಗಿಲ್ಲದೆ ಸರ್ವರನ್ನು ಕೇಳಿ ನೋಡುವ ಸಲಕರಣೆ. ಅದರಲ್ಲಿ ಬಂದದ್ದು ಬ್ರೌಸರಿನಲ್ಲಿ ಬರದೆ ಇರಬಹುದು. ಒಂದು ತಾಣದ ಪುಟ ಇನ್ನೊಂದು ತಾಣದಿಂದ ತರಿಸಿದ ಉತ್ತರವನ್ನು ಓದಲು ಆ ಇನ್ನೊಂದು ತಾಣ ಉತ್ತರದ ಜೊತೆ ಕಳಿಸುವ ಟಿಪ್ಪಣಿಯಾದ ಹೆಡರ್‌ನಲ್ಲಿ ಅನುಮತಿ ಬರೆದಿರಬೇಕು. ಇಲ್ಲದಿದ್ದರೆ ಬ್ರೌಸರ್ ತಡೆಯುತ್ತದೆ, ಪೋಸ್ಟ್‌ಮ್ಯಾನ್ ತಡೆಯುವುದಿಲ್ಲ. ಕೆಂಪು ಅಕ್ಷರದ ದೂರು ಕಾಣುವುದು ಫ್ರಂಟೆಂಡ್‌ನವರ ಪರದೆಯಲ್ಲಿ, ಸರಿಮಾಡಬೇಕಾದ್ದು ಸರ್ವರಿನಲ್ಲಿ. ಇಬ್ಬರೂ ನಿಜವನ್ನೇ ಹೇಳುತ್ತಾ ಅರ್ಧ ದಿನ ಕಿತ್ತಾಡಬಹುದು. ಎಚ್‌ಟಿಟಿಪಿ (ಬ್ರೌಸರ್, ಸರ್ವರ್ ಮಾತಾಡಿಕೊಳ್ಳುವ ನಿಯಮ) ಮಾಡಿದವರಿಗೆ ಈ ಜಗಳದ ಅಂದಾಜು ಇತ್ತೋ ಏನೋ, ತಪ್ಪಿನ ಸಂಖ್ಯೆಗಳನ್ನೇ ಪಾಲು ಮಾಡಿದ್ದಾರೆ: 400ರ ಸಾಲು ಕೇಳಿದವರ ತಪ್ಪು, 500ರ ಸಾಲು ಕೊಡಬೇಕಾದವರ ತಪ್ಪು. ನಮ್ಮಲ್ಲಿ ಕೆಲವರು ‘ಎಲ್ಲ ಸರಿ’ ಅನ್ನುವ 200 ಕಳಿಸಿ, ಒಳಗೆ ‘ಎರರ್’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಅದಕ್ಕೆ ಯಾವ ಭಾಷೆಯಲ್ಲೂ ಒಳ್ಳೆಯ ಪದವಿಲ್ಲ.

ಆ ಮಾತಿನಲ್ಲಿ ಇಬ್ಬರ ಬಾಯಲ್ಲೂ ಇದ್ದ ಪದ ‘ಕಡೆ’. ಅದಕ್ಕೆ ಪಕ್ಕ ಅನ್ನುವ ಅರ್ಥವೂ ಇದೆ, ತುದಿ ಅನ್ನುವುದೂ ಇದೆ, ಹೆಣ್ಣಿನ ಕಡೆಯವರು ಅನ್ನುವಾಗಿನ ಪಕ್ಷವೂ ಇದೆ. ಹಾಗಾಗಿ ‘ಮುಂದುಗಡೆಯವರು–ಹಿಂದುಗಡೆಯವರು’ ಎಂದು ಬರೆಯತೊಡಗಿದ್ದೇನೆ. ‘ಮುಂಗಡೆ–ಹಿಂಗಡೆ’ ಇನ್ನೂ ಚಿಕ್ಕದು, ಆದರೆ ‘ಮುಂಗಡೆ’ ಅಂದಾಗಲೆಲ್ಲ ಯಾರಾದರೊಬ್ಬರು “ಎಷ್ಟು ಕೊಡ್ತೀರಾ?” ಅನ್ನುತ್ತಾರೆ.

ಇನ್ನು ‘ಕಾಂಟ್ರಾಕ್ಟ್’. ಯಾವ ವಿಳಾಸಕ್ಕೆ ಏನು ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂದು ಎರಡೂ ಕಡೆಯವರು ಮೊದಲೇ ಬರೆದಿಟ್ಟುಕೊಳ್ಳುವ ಮಾತು. ‘ಗುತ್ತಿಗೆ’ ಖಂಡಿತ ಅಲ್ಲ. ‘ಒಪ್ಪಂದ’ಕ್ಕೆ ಎರಡು ದೇಶಗಳು ಬೇಕೆನಿಸುತ್ತದೆ. ನನ್ನ ಒಲವು ‘ಕರಾರಿ’ನ ಕಡೆಗೆ. ಜಮೀನಿನ ಕ್ರಯದ ಕರಾರು ಎಲ್ಲರಿಗೂ ಗೊತ್ತು, ಒಬ್ಬರೇ ತಿದ್ದುವ ಹಾಗಿಲ್ಲ. ‘ಕರಾರುವಾಕ್ಕಾಗಿ’ ಅನ್ನುವಾಗಿನ ನಿಖರತೆಯೂ ಕಿವಿಗೆ ಬೀಳುತ್ತದೆ.

ಕರಾರಿಲ್ಲದೆ ಆಗುವುದಕ್ಕೆ ಒಂದು ಉದಾಹರಣೆ ಕೈಪಿಡಿಯಲ್ಲಿ ಕೊಟ್ಟಿದ್ದೇನೆ. ತಿಪಟೂರಿನ ಕೊಬ್ಬರಿ ಧಾರಣೆ ತೋರಿಸುವ ಪುಟ. ಹರಾಜಿಲ್ಲದ ದಿನ ಸರ್ವರಿನಿಂದ 0 ಬಂತು, ಪರದೆಯ ಮೇಲೆ ‘ಕ್ವಿಂಟಾಲ್‌ಗೆ ₹0’ ಮೂಡಿತು. ಬೆಳೆಗಾರನ ಎದೆ ಒಡೆಯಲು ಅಷ್ಟು ಸಾಕು. ಧಾರಣೆ ಇಲ್ಲ ಅಂದರೆ ಸೊನ್ನೆ ತಾನೇ ಅಂದರು ಹಿಂದುಗಡೆಯವರು. ಇಲ್ಲ ಅಂದರೆ ‘ನಲ್’ ಕಳಿಸಬೇಕಿತ್ತು ಅಂದರು ಮುಂದುಗಡೆಯವರು. ಮಾಹಿತಿ ಬರೆದು ಕಳಿಸುವ ರೂಪವಾದ ಜೇಸನ್‌ನಲ್ಲಿ 0 ಬೇರೆ, ನಲ್ ಬೇರೆ. ಆದರೆ ಕನ್ನಡದಲ್ಲಿ ‘ಶೂನ್ಯ’ ಅಂದರೆ ಸೊನ್ನೆಯೂ ಹೌದು, ಏನೂ ಇಲ್ಲದ್ದೂ ಹೌದು. ‘ಸೊನ್ನೆ’ ಹುಟ್ಟಿದ್ದೇ ಅದರಿಂದ. ‘ಖಾಲಿ’ ಅನ್ನೋಣವೆಂದರೆ ಅದು ಅಕ್ಷರವಿಲ್ಲದ ಪಠ್ಯಕ್ಕೆ ಬೇಕು.

ಹಾಗಾಗಿ ಕೇಳುವುದು ಇಷ್ಟು. ನಿಮ್ಮ ಕಚೇರಿಗಳಲ್ಲಿ ಈ ಇಬ್ಬರನ್ನು ಕನ್ನಡದಲ್ಲಿ ಏನೆಂದು ಕರೆಯುತ್ತಾರೆ? ಗೆಳೆಯರ ನಡುವಿನ ಕೆಲಸಕ್ಕೆ ‘ಕರಾರು’ ತೀರಾ ಬಿಗಿಯಾಯಿತೇ? ನಲ್‌ಗೆ ‘ಇಲ್ಲ’ ಎಂದೇ ಬರೆದರೆ, ಹೌದು–ಇಲ್ಲ ಉತ್ತರದ ‘ಇಲ್ಲ’ದೊಂದಿಗೆ ಕಲಸಿಹೋಗದಂತೆ ಹೇಗೆ ಹೇಳುತ್ತೀರಿ?