ಪದ ಬೇಕು, ಅರ್ಜೆಂಟ್: ಬಿಎಲ್‌ಎಸ್, ಎಎಲ್‌ಎಸ್ ಆಂಬ್ಯುಲೆನ್ಸ್‌ಗೆ ಕನ್ನಡದಲ್ಲಿ ಏನಂತ ಬರೆಯೋಣ?

ಬೆಣ್ಣೆದೋಸೆ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೇಕು, ಅದಕ್ಕೇ ಪೀಠಿಕೆ ಇಲ್ಲ. ಇಲ್ಲಿನ ಒಂದು ಟ್ರಸ್ಟಿನವರು ಮೂರು ಆಂಬ್ಯುಲೆನ್ಸ್ ಇಟ್ಟಿದ್ದಾರೆ. ಯಾವುದು ಯಾವ ಬಗೆಯ ಗಾಡಿ ಅಂತ ಹಿಂಬಾಗಿಲಿಗೂ ಎರಡು ಪಕ್ಕಕ್ಕೂ ಕನ್ನಡದಲ್ಲಿ ಸ್ಟಿಕರ್ ಹಾಕಿಸಬೇಕು. ಒಂದು ಬರೀ ರೋಗಿಯನ್ನು ಕರೆದುಕೊಂಡು ಹೋಗುವುದಕ್ಕೆ. ಡಯಾಲಿಸಿಸ್, ಸ್ಕ್ಯಾನಿಂಗ್, ಡಿಸ್ಚಾರ್ಜ್ ಆದವರನ್ನು ಮನೆಗೆ ಬಿಡುವುದು, ಇಂಥದ್ದು. ಇನ್ನೊಂದು ಬೇಸಿಕ್ ಲೈಫ್ ಸಪೋರ್ಟ್, ಅಂದರೆ ಬಿಎಲ್‌ಎಸ್. ಮೂರನೆಯದು ಅಡ್ವಾನ್ಸ್ಡ್ ಲೈಫ್ ಸಪೋರ್ಟ್, ಅಂದರೆ ಎಎಲ್‌ಎಸ್. ಎಐಎಸ್-125 ಅನ್ನುವ ವಾಹನ ಮಾನದಂಡದಲ್ಲಿ ಇವು ಬಿ, ಸಿ, ಡಿ. ಎ ಅಂದರೆ ಮೊದಲು ಓಡಿ ಬರುವ ಬೈಕು ಇತ್ಯಾದಿ, ಅದು ಇವರ ಹತ್ತಿರ ಇಲ್ಲ.

ಅವರೇ ಮಾಡಿಸಿಕೊಂಡು ಬಂದಿರುವ ಅನುವಾದ: 'ರೋಗಿ ಸಾರಿಗೆ ವಾಹನ', 'ಮೂಲ ಜೀವ ಬೆಂಬಲ ವಾಹನ', 'ಸುಧಾರಿತ ಜೀವ ಬೆಂಬಲ ವಾಹನ'. ಒಂದೂ ಬಾಯಿಗೆ ಬರ್ತಿಲ್ಲ.

ಎರಡು ಸಾಲಿಗಿಂತ ಜಾಸ್ತಿ ಜಾಗ ಇಲ್ಲ. ಒತ್ತಕ್ಷರ ಕಡಿಮೆ ಇದ್ದರೆ ಉಪಕಾರ. ಪ್ರೆಷರ್ ನೀರಲ್ಲಿ ಗಾಡಿ ತೊಳೆದಾಗ ಮೊದಲು ಕಿತ್ತು ಬರೋದೇ ಕೆಳಗಿನ ಒತ್ತು. ಒಂದು ಹಳೇ ಗಾಡಿಯಲ್ಲಿ 'ಚಿಕಿತ್ಸೆ' ಹೋಗಿ 'ಚಿಕಿತೆ' ಆಗಿ ಓಡಾಡ್ತಿದೆ.

ಹಳೆಮೇಷ್ಟ್ರು:

'ಜೀವ ಬೆಂಬಲ' ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ ದೋಷ. ಮುಂದಕ್ಕೆ ಓದಲಿಲ್ಲ.

'ಪ್ರಾಣರಕ್ಷಕ ವಾಹನ', 'ಉನ್ನತ ಪ್ರಾಣರಕ್ಷಕ ವಾಹನ' ಅಂತ ಹಾಕಿ, ಮುಗಿಯಿತು. ನಿಜ ಹೇಳಬೇಕೆಂದರೆ ಆಂಬ್ಯುಲೆನ್ಸ್ ಅನ್ನುವುದು ವಾಹನವೇ ಅಲ್ಲ. ಲ್ಯಾಟಿನ್ನಿನಲ್ಲಿ ನಡೆಯುವುದಕ್ಕೆ 'ಆಂಬುಲಾರೆ' ಅಂತಾರೆ. ಫ್ರೆಂಚರು ಸೈನ್ಯದ ಹಿಂದೆ ಸಾಗುತ್ತಿದ್ದ ಆಸ್ಪತ್ರೆಗೆ 'ನಡೆಯುವ ಆಸ್ಪತ್ರೆ' ಅಂದರು. ನೆಪೋಲಿಯನ್ನನ ಸೈನ್ಯದ ಸರ್ಜನ್ ಲಾರೆ ಗಾಯಾಳುಗಳನ್ನು ಬೇಗ ಎತ್ತಿ ತರುವುದಕ್ಕೆ ಕುದುರೆ ಗಾಡಿ ಹೂಡಿ ಅದಕ್ಕೆ 'ಹಾರುವ ಆಂಬ್ಯುಲೆನ್ಸ್' ಅಂತ ಕರೆದ. ಅಂದರೆ ಹೆಸರು ಮೊದಲು ಆಸ್ಪತ್ರೆಗೆ, ಗಾಡಿಗೆ ಅಂಟಿದ್ದು ಆಮೇಲೆ. ಆ ಲೆಕ್ಕದಲ್ಲಿ 'ಸಂಚಾರಿ ಆಸ್ಪತ್ರೆ'ಯೇ ಸರಿಯಾದ ಮಾತು. ನಾನು ಇದನ್ನು ಹೇಳುತ್ತಲೇ ಬಂದಿದ್ದೇನೆ, ಕೇಳುವವರಿಲ್ಲ.

ಸುದ್ದಿಮನೆ:

ಮೇಷ್ಟ್ರೇ, 'ಸಂಚಾರಿ ಆಸ್ಪತ್ರೆ' ಅಂತ ಬರೆದರೆ ಹಳ್ಳಿಯಲ್ಲಿ ಗಾಡಿ ನಿಂತ ಕೂಡಲೇ ಬಿಪಿ ನೋಡಿಸೋಕೆ, ಮಾತ್ರೆ ಇಸ್ಕೊಳ್ಳೋಕೆ ಸಾಲು ನಿಲ್ಲುತ್ತಾರೆ. ಅದು ಬೇರೆಯೇ ಗಾಡಿ, ಈಗಾಗಲೇ ಇದೆ.

ಅನುವಾದದ ಬಗ್ಗೆ. 'ಮೂಲ' ಅಂತ ಗಾಡಿ ಮೇಲೆ ಬರೆಯಲೇಬೇಡಿ. ಬಸ್ ಸ್ಟ್ಯಾಂಡ್ ಗೋಡೆ ನೋಡಿದ ಯಾರಿಗಾದರೂ ಮೂಲ ಅಂದರೆ ಮೂಲವ್ಯಾಧಿ, ಪಕ್ಕದಲ್ಲೇ ಭಗಂದರ. 'ಬೆಂಬಲ' ಅಂದರೆ ಭತ್ತಕ್ಕೆ ಬೆಂಬಲ ಬೆಲೆ, ಇಲ್ಲಾ ಪಕ್ಷೇತರ ಶಾಸಕನ ಬೆಂಬಲ. ಇನ್ನು 'ಸುಧಾರಿತ'. ಸುಧಾರಿಸಿಕೊಂಡಿದ್ದರೆ ಆಂಬ್ಯುಲೆನ್ಸ್ ಯಾಕೆ ಕರೀತಿದ್ರು?

ನಮ್ಮಲ್ಲಿ ಐಸಿಯುಗೆ 'ತೀವ್ರ ನಿಗಾ ಘಟಕ' ಅಂತ ಬರೆದು ಬರೆದು ಓದುಗರಿಗೆ ರೂಢಿಯಾಗಿದೆ. ಎಎಲ್‌ಎಸ್ ಗಾಡಿ ಅಂದರೆ ಹೆಚ್ಚುಕಮ್ಮಿ ಓಡುವ ಐಸಿಯು. 'ತೀವ್ರ ನಿಗಾ ಆಂಬ್ಯುಲೆನ್ಸ್' ಅನ್ನಿ. ಹೊಸದೇನೂ ಹುಟ್ಟಿಸಬೇಕಾಗಿಲ್ಲ.

ಬರಿಗನ್ನಡ:

ಮತ್ತದೇ ಸಕ್ಕದ, ಮತ್ತದೇ ಪಾರಸಿ. 'ನಿಗಾ' ಪಾರಸಿ ಪದ ಅಂತ ಸುದ್ದಿಮನೆಯವರಿಗೆ ಗೊತ್ತಿರಲಿ. ಕನ್ನಡದಲ್ಲಿ ಬೇರೆ ಪದವೇ ಇಲ್ವಾ? ಮೂರು ಬಂಡಿ, ಮೂರು ಹೆಸರು: ಸಾಗುಬಂಡಿ, ನೆರವುಬಂಡಿ, ಉಸಿರುಬಂಡಿ. ಒತ್ತಕ್ಶರ ಒಂದೂ ಇಲ್ಲ, ಕೇಳಿದವರಿಗೆ ಬೇಕಾದದ್ದೂ ಅದೇ. ಒಂದೇ ಸಾಲಿನಲ್ಲಿ ಕೂರುತ್ತೆ. ಬಾಶೆ ಬೆಳೆಯೋದು ಹೀಗೆ.

ಹಳೆಮೇಷ್ಟ್ರು:

'ಭಾಷೆ' ಅಂತ ಬರೆಯಲು ಬಾರದವರ ಜೊತೆ ಚರ್ಚೆ ಇಲ್ಲ.

ಕರಾವಳಿ ನರ್ಸಮ್ಮ:

ನಾನು ಈ ಗುಂಪಿನಲ್ಲಿ ಓದುವುದೇ ಜಾಸ್ತಿ, ಬರೆಯುವುದಿಲ್ಲ. ಆದರೆ ಇಲ್ಲಿ ಯಾರೂ ಗಾಡಿಯ ಬಾಗಿಲು ತೆಗೆದು ಒಳಗೆ ನೋಡಿಲ್ಲ ಅಂತ ಕಾಣುತ್ತೆ, ಅದಕ್ಕೆ ಹೇಳ್ತೀನಿ.

ಬರಿಗನ್ನಡದವರೇ, ಉಸಿರುಬಂಡಿ ಅಂದರೆ ಜನ ಆಕ್ಸಿಜನ್ ಇರುವ ಗಾಡಿ ಅಂದುಕೊಳ್ಳುತ್ತಾರೆ. ಆಕ್ಸಿಜನ್ ಬಿಎಲ್‌ಎಸ್‌ನಲ್ಲೂ ಇರುತ್ತೆ. ವ್ಯತ್ಯಾಸ ಅಲ್ಲಿಲ್ಲ. ಬಿಎಲ್‌ಎಸ್‌ನಲ್ಲಿ ಎದೆ ಒತ್ತಬಹುದು, ಮಾಸ್ಕ್ ಹಿಡಿದು ಬ್ಯಾಗಿನಿಂದ ಗಾಳಿ ಕೊಡಬಹುದು, ರಕ್ತ ನಿಲ್ಲಿಸಬಹುದು, ಮುರಿದ ಕೈಕಾಲಿಗೆ ಪಟ್ಟಿ ಕಟ್ಟಬಹುದು, ದಾರಿಯಲ್ಲೇ ಹೆರಿಗೆಯಾದರೆ ಮಾಡಿಸಬಹುದು. ಎಎಲ್‌ಎಸ್‌ನಲ್ಲಿ ಇದೆಲ್ಲದರ ಜೊತೆ ವೆಂಟಿಲೇಟರ್, ಹೃದಯದ ಬಡಿತ ತೋರಿಸುವ ಮಾನಿಟರ್, ಶಾಕ್ ಕೊಡುವ ಡಿಫಿಬ್ರಿಲೇಟರ್, ಗಂಟಲಿಗೆ ಟ್ಯೂಬ್ ಹಾಕುವ ಸಾಮಾನು, ಹನಿ ಲೆಕ್ಕದಲ್ಲಿ ಔಷಧಿ ಬಿಡುವ ಪಂಪು. ಇದೆಲ್ಲಕ್ಕಿಂತ ಮುಖ್ಯ, ಅದನ್ನು ಬಳಸಲು ಬರುವ ಒಬ್ಬರು ಒಳಗೆ ಕೂತಿರಬೇಕು. ಅವರಿಲ್ಲದಿದ್ದರೆ ಒಳಗೆ ಎಷ್ಟೇ ಸಾಮಾನಿದ್ದರೂ ಅದು ಬಿಎಲ್‌ಎಸ್ ಗಾಡಿಯೇ.

ತಾಲ್ಲೂಕಿನಿಂದ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಈ ಗೊಂದಲ ಆಗುತ್ತೆ. ರೋಗಿ ವೆಂಟಿಲೇಟರ್ ಮೇಲಿರುತ್ತಾರೆ. ಮನೆಯವರು ಫೋನ್ ಮಾಡಿ 'ಆಂಬ್ಯುಲೆನ್ಸ್ ಕಳಿಸಿ' ಅಂದಿರುತ್ತಾರೆ, ಬಂದು ನಿಲ್ಲುವುದು ಬಿಎಲ್‌ಎಸ್. ಬೇರೆ ಗಾಡಿ ಬರುವವರೆಗೆ ಕಾಯಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಐದಾರು ಸೆಕೆಂಡಿಗೊಮ್ಮೆ ಒಬ್ಬರು ಬ್ಯಾಗ್ ಒತ್ತುತ್ತಲೇ ಇರಬೇಕು, ಘಾಟಿಯ ತಿರುವಿನಲ್ಲಿ ಒಂದು ಕೈಯಲ್ಲಿ ಸ್ಟ್ರೆಚರಿನ ಸರಳು ಹಿಡಿದುಕೊಂಡು. ಮುಂದಿನ ಸಲ ಅದೇ ಮನೆಯವರು ಫೋನಿನಲ್ಲಿ ಏನು ಕೇಳ್ತಾರೆ ಗೊತ್ತಾ? 'ವೆಂಟಿಲೇಟರ್ ಇರೋ ಗಾಡಿ.' ಇನ್ನು ಕೆಲವರು 'ಐಸಿಯು ಆಂಬ್ಯುಲೆನ್ಸ್' ಅಂತಾರೆ. ನಿಮ್ಮ ಪದಗಳು ಇಲ್ಲೇ ಇವೆಯಲ್ಲ. ಒಳಗಿರುವುದನ್ನು ಹೊರಗೆ ಬರೆಯಿರಿ, ಸಾಕು.

ಜರ್ಮನಿ ಕನ್ನಡಿಗ, ಸ್ಟುಟ್‌ಗಾರ್ಟ್:

ಒಂದು ಮಾತು. ಬಿ, ಸಿ, ಡಿ ಅಕ್ಷರ ಮಾತ್ರ ದೊಡ್ಡದಾಗಿ ಬರೆಸೋಣ ಅಂತ ಯಾರಿಗಾದರೂ ಅನ್ನಿಸಿದ್ದರೆ, ಬೇಡ. ಯುರೋಪಿನ ಇಎನ್ 1789 ಮಾನದಂಡದಲ್ಲೂ ಎ, ಬಿ, ಸಿ ಇವೆ. ಆದರೆ ಅಲ್ಲಿ ಎ ಅಂದರೆ ರೋಗಿ ಸಾಗಿಸುವುದು, ಬಿ ಅಂದರೆ ತುರ್ತು ಗಾಡಿ, ಸಿ ಅಂದರೆ ಓಡುವ ಐಸಿಯು. ನಮ್ಮ ಸಿ ಬೇಸಿಕ್ಕು, ಇವರ ಸಿ ಎಲ್ಲಕ್ಕಿಂತ ಮೇಲಿನದು. ಅಮೆರಿಕದಲ್ಲಿ ಟೈಪ್ 1, 2, 3 ಅನ್ನುವುದಂತೂ ಗಾಡಿಯ ಷಾಸಿ, ಬಾಡಿ ಹೇಗಿದೆ ಅಂತ ಹೇಳುತ್ತೆ, ಒಳಗಿನ ಚಿಕಿತ್ಸೆ ಬಗ್ಗೆ ಅಲ್ಲ. ಅಕ್ಷರ ನೋಡಿ ಯಾರಿಗೂ ಏನೂ ಗೊತ್ತಾಗಲ್ಲ.

ಇಲ್ಲಿ ಆಡುಮಾತಿನಲ್ಲೂ ಬೇರೆ ಬೇರೆ ಹೆಸರೇ ಇವೆ. ರೋಗಿಯನ್ನು ಸಾಗಿಸುವುದು ಕ್ರಾಂಕನ್‌ಟ್ರಾನ್ಸ್‌ಪೋರ್ಟ್‌ವಾಗನ್, ತುರ್ತಿಗೆ ಬರುವುದು ರೆಟ್ಟುಂಗ್ಸ್‌ವಾಗನ್, ಅಂದರೆ ಕಾಪಾಡುವ ಗಾಡಿ. ಡಾಕ್ಟರು ಬಹುತೇಕ ಬೇರೆ ಕಾರಿನಲ್ಲಿ ಬಂದು ಅಲ್ಲೇ ಸೇರಿಕೊಳ್ಳುತ್ತಾರೆ, ಆ ಕಾರಿಗೆ ಇನ್ನೊಂದು ಉದ್ದ ಹೆಸರು.

ಬರಿಗನ್ನಡ:

ನೋಡಿದ್ರಾ! ಕಾಪಾಡುವ ಗಾಡಿ ಅಂತ ತಮ್ಮದೇ ನುಡಿಯಲ್ಲಿ ಇಟ್ಟುಕೊಂಡಿದ್ದಾರೆ. ಅವರಿಗೆ ನಾಚಿಕೆ ಇಲ್ಲ, ನಮಗೆ ಮಾತ್ರ 'ಬಂಡಿ' ಅಂದ್ರೆ ಎತ್ತು ನೆನಪಾಗುತ್ತೆ.

ಜರ್ಮನಿ ಕನ್ನಡಿಗ:

ಟ್ರಾನ್ಸ್‌ಪೋರ್ಟ್ ಲ್ಯಾಟಿನ್ ಸಾರ್. ಮೊದಲನೇ ಹೆಸರಿನ ನಡುವೆಯೇ ಕೂತಿದೆ, ಓದಿ.

ಹಳೆಮೇಷ್ಟ್ರು:

ಚರ್ಚೆ ಇಲ್ಲ ಅಂದಿದ್ದೆ, ಆದರೂ ಒಂದೆರಡು ಮಾತು. 'ಬೆಂಬಲ' ಪದವೇ ಬೆನ್ + ಬಲ. ಬೆನ್ನು ಕನ್ನಡ, ಬಲ ಸಂಸ್ಕೃತ. ಆ ಪದವೇ ಅರಿಸಮಾಸ, ಅದಕ್ಕೆ ಮುಂದೆ ಜೀವ ಸೇರಿಸಿ ಇನ್ನೊಂದು ಮಾಡಿದ್ದಾರೆ. 'ನೆರವುಬಂಡಿ'ಗೆ ವ್ಯಾಕರಣದ ದೋಷ ಇಲ್ಲ, ಒಪ್ಪುತ್ತೇನೆ. ಆದರೆ ಪದದಲ್ಲಿ ಗಾಂಭೀರ್ಯ ಇಲ್ಲ.

ಸುದ್ದಿಮನೆ:

ಬೆಂಬಲ ಅರಿಸಮಾಸ, ಸರಿ. ಮಳೆಗಾಲ, ಚಳಿಗಾಲ? ಮಳೆ ಕನ್ನಡ, ಕಾಲ ಸಂಸ್ಕೃತ. ನಾಳೆಯಿಂದ ವರ್ಷಾಕಾಲ ಅಂತ ಬರೆಯೋಣ್ವಾ?

ಹಳೆಮೇಷ್ಟ್ರು:

ಕಾಲ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಕನ್ನಡಕ್ಕೆ ಬಂದ ಸಂಸ್ಕೃತ ಪದ. ದೋಷವಿಲ್ಲ. ಇದು ಹೈಸ್ಕೂಲಿನ ಪಾಠ.

ಸುದ್ದಿಮನೆ:

ಹಾಗಾದರೆ ಜೀವವೂ ಬಲವೂ ಸಮಸಂಸ್ಕೃತವೇ ಅಲ್ವಾ? ರೂಪ ಎಲ್ಲಿ ಬದಲಾಗಿದೆ? ಮೇಷ್ಟ್ರಿಗೆ ಇಷ್ಟವಾದರೆ ಸಮಸಂಸ್ಕೃತ, ಇಷ್ಟವಾಗದಿದ್ದರೆ ಅರಿಸಮಾಸ.

ಇರಲಿ. ನನಗೆ 'ವಾಹನ'ದ ಮೇಲೆ ಬೇರೆಯೇ ತಕರಾರು. 'ಪ್ರಾಣರಕ್ಷಕ ವಾಹನ', 'ಜೀವರಕ್ಷಾ ವಾಹನ' ಇಂಥವನ್ನು ಓಡುವ ಗಾಡಿಯ ಹಿಂದೆ ದೂರದಿಂದ ಓದಿ ನೋಡಿ. ಒಂದು ದೊಡ್ಡ ಮಾತು, ಅದರ ಮುಂದೆ 'ವಾಹನ'. ನಮ್ಮ ಊರುಗಳಲ್ಲಿ ಹಾಗೆ ಬರೆದುಕೊಂಡು ಓಡಾಡುವುದು ಮುಕ್ತಿ ವಾಹನ, ಶಾಂತಿ ವಾಹನ. ಹೆಣ ಸಾಗಿಸುವುದು. ಮನೆ ಮುಂದೆ ಅಂಥ ಹೆಸರಿನ ಗಾಡಿ ನಿಂತರೆ ಒಳಗೆ ಮಲಗಿರುವ ಅಜ್ಜಿ ಏನಂದುಕೊಳ್ಳಬೇಕು?

ಮೇಲಿಂದ ಹೆಸರಿಟ್ಟ ಮಾತ್ರಕ್ಕೆ ಜನ ಕರೆಯಲ್ಲ ಅನ್ನುವುದಕ್ಕೂ ಉದಾಹರಣೆ ಇದೆ. ರಾಜ್ಯದಲ್ಲಿ 108 ಸೇವೆ 2008ರಲ್ಲಿ ಶುರುವಾದಾಗ ಸರ್ಕಾರ 'ಆರೋಗ್ಯ ಕವಚ' ಅಂತ ಹೆಸರಿಟ್ಟಿತು. ಹೆಸರು ಚೆನ್ನಾಗಿಯೇ ಇದೆ. ಆದರೆ ಅಪಘಾತ ಆದ ಜಾಗದಲ್ಲಿ ನಿಂತು 'ಆರೋಗ್ಯ ಕವಚಕ್ಕೆ ಫೋನ್ ಮಾಡ್ರೋ' ಅಂದವರನ್ನು ನಾನಂತೂ ಕಂಡಿಲ್ಲ. 'ನೂರಾ ಎಂಟು' ಅಂತಾರೆ, ಇಲ್ಲಾ 'ಒನ್ ನಾಟ್ ಎಯ್ಟ್'. ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಡುವ 'ನಗು-ಮಗು' ಮಾತ್ರ ನಾಲಿಗೆಗೆ ಸಲೀಸು, ಅದರಲ್ಲಿ ಪ್ರಾಸ ಇದೆ, ಒತ್ತಕ್ಷರ ಇಲ್ಲ, ಯಾವ ಕೆಲಸದ ಗಾಡಿ ಅಂತಲೂ ತಿಳಿಯುತ್ತೆ. ಅಂಥ ಹೆಸರು ಹೊಳೆದರೆ ಇಡೋಣ. ಹೊಳೆಯದಿದ್ದರೆ ಆಂಬ್ಯುಲೆನ್ಸ್ ಅಂತಲೇ ಇರಲಿ, ಅದು ಕನ್ನಡದಲ್ಲಿ ಕಾರು, ಬಸ್ಸಿನಷ್ಟೇ ಹಳತಾಗಿದೆ.

ಬರಿಗನ್ನಡ:

ಹಳತಾದದ್ದೆಲ್ಲ ನಮ್ಮದಲ್ಲ.

ಕರಾವಳಿ ನರ್ಸಮ್ಮ:

'ಪ್ರಥಮ ಚಿಕಿತ್ಸೆ' ಅಂತ ಬಿಎಲ್‌ಎಸ್‌ಗೆ ಹಾಕೋಣ ಅಂತ ಯಾರೋ ನನಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಬೇಡ. ಪ್ರಥಮ ಚಿಕಿತ್ಸೆ ಅಂದರೆ ಅರಿಶಿನ ಒತ್ತಿ ಬಟ್ಟೆ ಕಟ್ಟುವುದರಿಂದ ಹಿಡಿದು ಬಸ್ಸಿನ ಖಾಲಿ ಡಬ್ಬಿಯವರೆಗೂ ಹೋಗುತ್ತೆ. 'ತುರ್ತು ಚಿಕಿತ್ಸೆ' ಅನ್ನಿ.

ಹಳೆಮೇಷ್ಟ್ರು:

'ತುರ್ತು' ಮರಾಠಿಯ ಕಡೆಯಿಂದ ಬಂದದ್ದು. ಮೂಲ ಸಂಸ್ಕೃತದ 'ತ್ವರಿತ'ವೇ. ಹಳೆಗನ್ನಡದಲ್ಲಿ ಇದರ ತದ್ಭವ 'ತುರಿತ' ಇತ್ತು, ಬಿಟ್ಟೆವು. 'ತುರಿತ ಚಿಕಿತ್ಸೆ' ಅನ್ನಬಹುದು.

ಕರಾವಳಿ ನರ್ಸಮ್ಮ:

ಮೇಷ್ಟ್ರೇ, ಅದನ್ನು ಗಾಡಿಯ ಮೇಲೆ ಬರೆದರೆ ಚರ್ಮರೋಗದವರು ಬರುತ್ತಾರೆ. ತುರಿಕೆ ಅಂದುಕೊಂಡು.

ಬೆಣ್ಣೆದೋಸೆ, ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಸ್ಟಿಕರ್ ಅಂಗಡಿಯಲ್ಲಿ ಕೂತೇ ಬರೀತಿದ್ದೀನಿ, ಮಷಿನ್ ಆನ್ ಆಗಿದೆ. ಮೂರಕ್ಕೂ ಮೇಲಿನ ಸಾಲು 'ಆಂಬ್ಯುಲೆನ್ಸ್'. ಕೆಳಗಿನ ಸಾಲು: ಒಂದಕ್ಕೆ 'ರೋಗಿ ಸಾಗಿಸಲು ಮಾತ್ರ', ಎರಡನೆಯದಕ್ಕೆ 'ತುರ್ತು ಚಿಕಿತ್ಸೆ', ಮೂರನೆಯದಕ್ಕೆ 'ತೀವ್ರ ನಿಗಾ, ವೆಂಟಿಲೇಟರ್ ಇದೆ'. 'ಮಾತ್ರ' ಅಂತ ಹಾಕಿದ್ದಕ್ಕೆ ಟ್ರಸ್ಟಿನವರಿಗೆ ಸ್ವಲ್ಪ ಬೇಜಾರು, ಗಾಡಿಯ ಮರ್ಯಾದೆ ಕಡಿಮೆಯಾಯ್ತು ಅಂತ. ಆದರೆ ಅದೇ ಬೇಕಾದ ಪದ ಅಂತ ನರ್ಸಮ್ಮನವರ ಘಾಟಿಯ ಮಾತು ಓದಿಸಿ ಒಪ್ಪಿಸಿದೆ. ಒತ್ತಕ್ಷರ ಅಂತೂ ತಪ್ಪಲಿಲ್ಲ. ಅಂಗಡಿಯವರು ಒತ್ತನ್ನು ಮೇಲಿನ ಅಕ್ಷರಕ್ಕೆ ಒಂದು ಎಳೆ ಅಂಟಿಸಿಯೇ ಕತ್ತರಿಸ್ತಾರಂತೆ, ಆಗ ಕಿತ್ತು ಬರಲ್ಲ.

ಮುಂದೆ ಬಾನೆಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಉಲ್ಟಾ ಬರೆಯುತ್ತಾರಲ್ಲ, ಮುಂದಿನ ಗಾಡಿಯವರು ಕನ್ನಡಿಯಲ್ಲಿ ಓದಲಿ ಅಂತ. ಕನ್ನಡದಲ್ಲೂ ಉಲ್ಟಾ ಹಾಕಬಹುದಾ ಅಂತ ಕೇಳ್ತಿದ್ದಾರೆ.

ಕರಾವಳಿ ನರ್ಸಮ್ಮ:

ಹಾಕಿಸಿ, ತಪ್ಪೇನಿಲ್ಲ. ಆದರೆ 'ವೆಂಟಿಲೇಟರ್ ಇದೆ' ಅಂತ ಬರೆದ ಮೇಲೆ ಇರಲೇಬೇಕು, ಬ್ಯಾಟರಿ ಚಾರ್ಜ್ ಆಗಿರಬೇಕು, ನಡೆಸುವವರು ಡ್ಯೂಟಿಯಲ್ಲಿರಬೇಕು. ಅದನ್ನು ಟ್ರಸ್ಟಿನವರಿಗೆ ಬರೆದು ಕೊಡಿ.

ಹಳೆಮೇಷ್ಟ್ರು:

'ಆಂಬ್ಯುಲೆನ್ಸ್' ತಪ್ಪು. ಲ್ಯಾಟಿನ್ ಮೂಲದ ಪ್ರಕಾರ 'ಆಂಬುಲೆನ್ಸ್'. ಒಂದು ಒತ್ತಕ್ಷರವೂ ಉಳಿತಾಯವಾಗುತ್ತಿತ್ತು. ಕತ್ತರಿಸಿಬಿಟ್ಟರೋ?

ಬರಿಗನ್ನಡ:

'ಬಂಡಿ' ಅಂದಿದ್ರೆ ಈ ತೊಂದರೆಯೇ ಇರ್ತಿರಲಿಲ್ಲ.

ಹಳೆಮೇಷ್ಟ್ರು:

ಬಂಡಿ ಅಚ್ಚಗನ್ನಡ ಅಂತ ನಿಮಗೆ ಹೇಳಿದವರು ಯಾರು? ಅದಕ್ಕೆ ಹೊಸ ಎಳೆ ಶುರುಮಾಡಿ, ಅಲ್ಲಿ ಮಾತಾಡೋಣ.