ಬಿ.ಪಿ.ಎಡ್ 99 ಗುಂಪು: 22 ಕಪ್ ಗೆದ್ದ ಕೋಚ್ ಬಗ್ಗೆ ಒಂದು ರಾತ್ರಿಯ ಜಗಳ

ನಮ್ಮದು ಬಿ.ಪಿ.ಎಡ್ (ದೈಹಿಕ ಶಿಕ್ಷಣ ಪದವಿ) 1999ರ ಬ್ಯಾಚಿನ ಚಾಟ್ ಗುಂಪು. ಸಾಮಾನ್ಯವಾಗಿ ಹುಟ್ಟುಹಬ್ಬ, ವರ್ಗಾವಣೆ ಕೌನ್ಸೆಲಿಂಗ್, ಯಾರದೋ ಮಗಳ ಮದುವೆ, ಇಷ್ಟೇ ಇರುತ್ತದೆ. 2024ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಮಾತ್ರ ತಟ್ಟೆಯಲ್ಲಿದ್ದ ಅನ್ನ ಆರಿಹೋಗುವಷ್ಟು ಹೊತ್ತು ಎಲ್ಲರೂ ಬರೆದರು. ಎಲ್ಲರನ್ನೂ ಒಂದು ಸಲ, ರೇಣುಕಾಳನ್ನು ಎರಡು ಸಲ ಒಪ್ಪಿಗೆ ಕೇಳಿ ಇಲ್ಲಿ ಹಾಕುತ್ತಿದ್ದೇನೆ. – ಶೋಭಾ

ವನಿತಾ: ಈ ಲೇಖನ ಎಲ್ಲರೂ ಓದಿ. ಆನ್ಸನ್ ಡೊರಾನ್ಸ್ ಅಂತ, ಇಲ್ಲೇ ಅಮೆರಿಕದಲ್ಲಿ, ನಮ್ಮ ಹತ್ತಿರದ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿಯಲ್ಲಿ ಹುಡುಗಿಯರ ಫುಟ್‌ಬಾಲ್ ಟೀಮ್ ಕಟ್ಟಿದವರು. 1979ರಿಂದ 45 ಸೀಸನ್. 22 ರಾಷ್ಟ್ರೀಯ ಕಪ್. 900ಕ್ಕೂ ಜಾಸ್ತಿ ಗೆಲುವು. ಈ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗಲು ಕೆಲವೇ ದಿನ ಇರುವಾಗ ನಿವೃತ್ತರಾದರು. ನಿನ್ನೆ ಅದೇ ಟೀಮ್ ನಮ್ಮೂರು ಕ್ಯಾರಿಯ ಸ್ಟೇಡಿಯಂನಲ್ಲೇ ಫೈನಲ್ ಗೆದ್ದಿತು, ವೇಕ್ ಫಾರೆಸ್ಟ್ ವಿರುದ್ಧ 1-0. ಮಗಳನ್ನು ಕರೆದುಕೊಂಡು ಹೋಗಿದ್ದೆ, ಕೂಗಿ ಕೂಗಿ ಗಂಟಲು ಹೋಗಿದೆ. ಇನ್ನೊಂದು ವಿಷಯ ಗೊತ್ತಾ? ಅವರು ಹುಟ್ಟಿದ್ದು ನಮ್ಮ ಬಾಂಬೆಯಲ್ಲಿ, 1951ರಲ್ಲಿ.

ನಾಗರಾಜ್: ಬಾಂಬೆಯಲ್ಲಾ? ಅದು ಹೇಗೆ?

ವನಿತಾ: ಅಪ್ಪ ತೈಲ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಇಂಡಿಯಾ, ಕೀನ್ಯಾ, ಇಥಿಯೋಪಿಯಾ, ಸಿಂಗಾಪುರ, ಹೀಗೆ ಊರೂರು ಸುತ್ತಿಯೇ ಬೆಳೆದರು.

ಮಂಜುನಾಥ: 22 ದೊಡ್ಡ ಸಂಖ್ಯೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಶುರುವಿನಲ್ಲಿ ಎದುರಾಳಿಗಳೇ ಎಲ್ಲಿದ್ದರು? ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಹುಡುಗಿಯರಿಗೆ ಫುಟ್‌ಬಾಲ್ ಟೂರ್ನಿ ಇಟ್ಟಿದ್ದೇ 1982ರಲ್ಲಿ. ಜಾತ್ರೆಗೆ ಮೊದಲು ಬಂದವನಿಗೆ ಒಳ್ಳೆಯ ಜಾಗ ಸಿಗುತ್ತದೆ, ಅಲ್ವಾ?

ನಾಗರಾಜ್: ಮಂಜ, ಸುಮ್ನೆ ಹೇಳಬೇಡ. 1986ರಿಂದ 94ರವರೆಗೆ ಒಂಬತ್ತು ವರ್ಷ ಸತತ ಚಾಂಪಿಯನ್. ನಡುವೆ ಒಂದು ಸಲ ಸತತ 92 ಪಂದ್ಯ ಗೆದ್ದಿದ್ದಾರೆ. ಅದೇ ವರ್ಷಗಳಲ್ಲಿ ಅಮೆರಿಕದ ರಾಷ್ಟ್ರೀಯ ಟೀಮಿಗೂ ಅವರೇ ಕೋಚ್. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ನಾರ್ವೆಯನ್ನು 2-1ರಲ್ಲಿ ಸೋಲಿಸಿ ಕಪ್ ತಂದರು. ನಾಯಕಿ ಏಪ್ರಿಲ್ ಹೈನ್ರಿಕ್ಸ್, ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿ, ಎಲ್ಲರೂ ಚಾಪೆಲ್ ಹಿಲ್ ಹುಡುಗಿಯರೇ. ನಾವು ಎರಡು ವರ್ಷ ಸತತ ಇಂಟರ್ ಕಾಲೇಜ್ ಗೆದ್ದರೆ ಗೇಟಿಗೆ ಬ್ಯಾನರ್ ಕಟ್ಟುತ್ತೇವೆ.

ಮಂಜುನಾಥ: ನಾನೂ ಲೆಕ್ಕ ಹಾಕಿದೆ. 82ರಿಂದ 2000ದವರೆಗಿನ 19 ಟೂರ್ನಿಗಳಲ್ಲಿ 16 ಇವರದು. ಆಮೇಲೆ 2003, 2006, 2008, 2009, 2012. ಐದೇ. ಉಳಿದ ಒಂದು 1981ರದು, ಎನ್‌ಸಿಎಎ ಟೂರ್ನಿಗೂ ಮೊದಲಿನದು. ಬೇರೆ ಕಾಲೇಜುಗಳೂ ದುಡ್ಡು ಹಾಕಲು ಶುರು ಮಾಡಿದ ಮೇಲೆ ಅಂತರ ಕಮ್ಮಿ ಆಯಿತು. 1972ರಲ್ಲಿ ಶಿಕ್ಷಣದಲ್ಲಿ ಗಂಡು ಹೆಣ್ಣು ಭೇದ ಮಾಡಬಾರದು ಅನ್ನುವ ಟೈಟಲ್ ನೈನ್ ಕಾನೂನು ಬರದಿದ್ದರೆ ಕಾಲೇಜುಗಳು ಹುಡುಗಿಯರಿಗೆ ಮೈದಾನವನ್ನೇ ಬಿಡುತ್ತಿರಲಿಲ್ಲ. ಕಾನೂನಿಗೂ ಒಂದು ಹಾರ ಹಾಕಿ.

ಫಾತಿಮಾ: ಕಾನೂನಿಗೆ ಹಾಕುವ ಮೊದಲು ಚಾಪೆಲ್ ಹಿಲ್‌ನ ಆ ಮೊದಲ ಹುಡುಗಿಯರಿಗೆ ಹಾಕಿ. ಕ್ಲಬ್ ಅಂತ ತಾವೇ ಸೇರಿಕೊಂಡು ಆಡುತ್ತಿದ್ದವರು. ನಮಗೂ ಕಾಲೇಜ್ ಟೀಮ್ ಬೇಕು ಅಂತ ಹೋಗಿ ಕೇಳಿದರು. ಆಗ ಡೊರಾನ್ಸ್ ಹುಡುಗರ ಟೀಮಿನ ಕೋಚ್, ಜೊತೆಗೆ ಲಾ ಓದಿಗೂ ಸೇರಿದ್ದವರು. ಯೂನಿವರ್ಸಿಟಿಯ ಕ್ರೀಡಾ ಮುಖ್ಯಸ್ಥರು ಆ ಹುಡುಗಿಯರ ಆಟ ನೋಡಿ ಬರಲು ಡೊರಾನ್ಸ್‌ರನ್ನು ಕಳಿಸಿದರು. ನೋಡಿ ಬಂದು, ಟೀಮ್ ಮಾಡಬಹುದು ಅಂದರು. ಕೇಳುವವರು ಕೇಳಿದರು, ಒಪ್ಪುವವರು ಒಪ್ಪಿದರು. ನಮ್ಮಲ್ಲಿ ಆದದ್ದೇನು? 1983ರ ಏಷ್ಯಾ ಟೂರ್ನಿಯಲ್ಲಿ ಇಂಡಿಯಾ ಹುಡುಗಿಯರು ಎರಡನೆಯವರು. ಅಷ್ಟು ಮುಂದೆ ಇದ್ದೆವು. ಅವರ ಹಿಂದೆ ಕಾಲೇಜೂ ನಿಲ್ಲಲಿಲ್ಲ, ಕಾನೂನೂ ನಿಲ್ಲಲಿಲ್ಲ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಶೋಭಾ: ನನಗೆ ಕಪ್ಪಿನ ಲೆಕ್ಕಕ್ಕಿಂತ ಅವರ ಪ್ರಾಕ್ಟೀಸ್ ಇಷ್ಟ. ಅದಕ್ಕೆ ಅವರು 'ಕಾಂಪಿಟಿಟಿವ್ ಕಾಲ್ಡ್ರನ್' ಅಂತ ಹೆಸರಿಟ್ಟಿದ್ದಾರೆ. ಕುದಿಯುವ ಕಡಾಯಿ ಅನ್ನಿ. ಅದೇ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅವರ ಪ್ರಾಕ್ಟೀಸ್ ನೋಡಿ ಹೊಳೆದದ್ದು. ಒಬ್ಬರಿಗೆ ಒಬ್ಬರು ಎದುರಾದ ಆಟ, ಓಟ, ಹೆಡ್ಡಿಂಗ್, ಎಲ್ಲಕ್ಕೂ ಸೋಲು ಗೆಲುವು ಇರುತ್ತಿತ್ತು. ಪಕ್ಕದಲ್ಲಿ ಮ್ಯಾನೇಜರ್‌ಗಳು ಬರೆದುಕೊಳ್ಳುತ್ತಿದ್ದರು. ಆಮೇಲೆ ಮೊದಲಿನಿಂದ ಕೊನೆಯವರೆಗೆ ಪಟ್ಟಿ ಮಾಡಿ ಎಲ್ಲರೂ ನೋಡುವ ಕಡೆ ಅಂಟಿಸುತ್ತಿದ್ದರು. ನಾನೂ ಜೂನ್‌ನಿಂದ ನಮ್ಮ ಸ್ಕೂಲಿನಲ್ಲಿ ಹಾಗೇ ಮಾಡುತ್ತಿದ್ದೇನೆ.

ಮಂಜುನಾಥ: ಹೆಣ್ಣುಮಕ್ಕಳ ರ‍್ಯಾಂಕ್ ಬೋರ್ಡಿಗೆ ಹಾಕುತ್ತೀಯಾ? ಕೊನೆಯಲ್ಲಿ ಹೆಸರಿರುವವಳ ಗತಿ ಏನು? ಮಾರನೆಯ ದಿನ ಗ್ರೌಂಡಿಗೆ ಬರುತ್ತಾಳಾ?

ಶೋಭಾ: ನನಗೂ ಅದೇ ಭಯ ಇತ್ತು. 16 ಹುಡುಗಿಯರು. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿ, ನೀರಿನ ಟ್ಯಾಂಕ್ ಪಕ್ಕದ ಗೋಡೆಗೆ ಅಂಟಿಸಿದೆ. ಒಂಬತ್ತನೇ ಕ್ಲಾಸಿನ ಒಬ್ಬಳು ಮೊದಲ ವಾರ ಹದಿನಾರನೆಯವಳು. ಲೋಟ ಕೈಯಲ್ಲಿ ಹಿಡಿದು ಅದರ ಮುಂದೆಯೇ ನಿಂತಿದ್ದಳು. ನೀರು ಕುಡಿಯಲಿಲ್ಲ, ಆ ಕಡೆ ಈ ಕಡೆ ನೋಡಲಿಲ್ಲ. ಇನ್ನು ಇವಳು ಬರುವುದಿಲ್ಲ ಅಂದುಕೊಂಡೆ. ಮೂರನೇ ವಾರ ಸ್ಟಾಫ್ ರೂಮಿನ ಬಾಗಿಲಿಗೇ ಬಂದಳು. "ಮಿಸ್, ಬುಧವಾರ ನಾನು ಮೂರು ಗೆದ್ದಿದ್ದೆ, ನೀವು ಎರಡು ಅಂತ ಬರೆದಿದ್ದೀರಿ." ಪುಸ್ತಕ ತೆಗೆದು ನೋಡಿದೆ. ಅವಳದೇ ಸರಿ. ಅವಳೆದುರಿಗೇ ತಿದ್ದಿದೆ. ಹತ್ತೊಂಬತ್ತು ವರ್ಷದ ಸರ್ವೀಸ್‌ನಲ್ಲಿ ಒಬ್ಬ ಹುಡುಗಿ ತನ್ನ ಲೆಕ್ಕ ಕೇಳಲು ಬಂದದ್ದು ಅದೇ ಮೊದಲು.

ಫಾತಿಮಾ: ಎಂಥಾ ಹುಡುಗಿ! ನಮ್ಮನ್ನು ಬೆಳೆಸಿದ್ದೇ ಹಿಂದೆ ನಿಲ್ಲು, ಗೆಳತಿಗೆ ಬೇಜಾರು ಮಾಡಬೇಡ ಅಂತ. ಅವಳು ಅದನ್ನು ದಾಟಿದಳು.

ನಾಗರಾಜ್: ಡೊರಾನ್ಸ್ ಹೇಳುವ ಒಂದು ಮಾತು ನಾನು ಸ್ಟಾಫ್ ಮೀಟಿಂಗಿನಲ್ಲೂ ಹೇಳುತ್ತೇನೆ. ಇಡೀ ಟೀಮಿಗೆ ಬೈದರೆ ಹುಡುಗರು ಪ್ರತಿಯೊಬ್ಬರೂ 'ಇದು ಪಕ್ಕದವನಿಗೆ' ಅಂದುಕೊಳ್ಳುತ್ತಾರೆ. ಹುಡುಗಿಯರು ಪ್ರತಿಯೊಬ್ಬರೂ 'ಇದು ನನಗೇ' ಅಂದುಕೊಳ್ಳುತ್ತಾರೆ. ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ ಮನುಷ್ಯ. ಮಿಯಾ ಹ್ಯಾಮ್ ಬೆಳಗ್ಗೆ ಒಬ್ಬಳೇ ಓಡುತ್ತಿದ್ದುದನ್ನು ಕಾರಿನಿಂದ ನೋಡಿ, ಯಾರೂ ನೋಡದಿದ್ದಾಗಲೂ ದಣಿಯುವಷ್ಟು ದುಡಿಯುವವಳೇ ಚಾಂಪಿಯನ್ ಅನ್ನುವ ಅರ್ಥದ ಚೀಟಿ ಬರೆದು ಕೊಟ್ಟರು. ಕೊನೆಯ ವರ್ಷದ ಹುಡುಗಿಯರಿಗೆ ಫೈನಲ್‌ಗೆ ಮುಂಚೆ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯುತ್ತಿದ್ದರು. ಇಂಥವರು ಇನ್ನೊಬ್ಬರು ಸಿಗುವುದಿಲ್ಲ.

ರೇಣುಕಾ: ನಾನು ಲೇಖನ ಕೊನೆಯವರೆಗೂ ಓದಿದೆ. 1998ರ ಕೇಸ್ ಬಗ್ಗೆ ಒಂದೇ ಸಾಲು ಇದೆ. ಅದನ್ನು ಯಾಕೆ ಯಾರೂ ಎತ್ತಲಿಲ್ಲ?

ನಾಗರಾಜ್: ಅದು ಹಳೆಯದು ರೇಣು. ರಾಜಿಯಾಗಿ ಮುಗಿದಿದೆ.

ರೇಣುಕಾ: ಹೇಗೆ ಮುಗಿಯಿತು ಅಂತ ನಾನೇ ಬರೆಯುತ್ತೇನೆ. ಇಬ್ಬರು ಮಾಜಿ ಆಟಗಾರ್ತಿಯರು ಕೋರ್ಟಿಗೆ ಹೋದರು. ಒಬ್ಬಳು ಆ ವರ್ಷ ಟೀಮಿನಿಂದ ಹೊರಬಿದ್ದಿದ್ದ ಗೋಲ್‌ಕೀಪರ್. ಹುಡುಗಿಯರ ಪ್ರೇಮ, ದೇಹ, ಲೈಂಗಿಕ ಜೀವನದ ಬಗ್ಗೆ ಕೋಚ್ ಎಲ್ಲರೆದುರು ಕೇಳುತ್ತಿದ್ದರು, ಮಾತಾಡುತ್ತಿದ್ದರು ಅನ್ನುವುದು ಅವರ ದೂರು. ಹೋಟೆಲ್ ರೂಮಿನಲ್ಲಿ ಮಾರ್ಕ್ಸ್ ವಿಷಯಕ್ಕೆ ಕರೆದು ಕೂರಿಸಿದಾಗಲೂ ಅಂಥದ್ದೇ ಪ್ರಶ್ನೆ ಬಂತು ಅಂತ ಆ ಗೋಲ್‌ಕೀಪರ್ ಹೇಳಿದಳು. ಒಬ್ಬರ ಕೇಸ್ 2004ರಲ್ಲಿ 70,000 ಡಾಲರ್ ಮತ್ತು ಕೋಚ್ ಬರೆದ ಕ್ಷಮಾಪಣೆ ಪತ್ರದೊಂದಿಗೆ ಮುಗಿಯಿತು. ಇನ್ನೊಬ್ಬಳದು ಹತ್ತು ವರ್ಷ ನಡೆಯಿತು. 2007ರಲ್ಲಿ ಮೇಲಿನ ಕೋರ್ಟ್, ಇದನ್ನು ಜ್ಯೂರಿ ಕೇಳಬೇಕು ಅಂತ ಕೇಸಿಗೆ ಮತ್ತೆ ಜೀವ ಕೊಟ್ಟಿತು. 2008ರಲ್ಲಿ 3,85,000 ಡಾಲರ್‌ಗೆ ರಾಜಿಯಾಯಿತು.

ನಾಗರಾಜ್: ಕಿರುಕುಳ ಕೊಟ್ಟಿಲ್ಲ ಅಂತಲೇ ಅವರು ಹೇಳಿದ್ದಾರೆ. ತಪ್ಪಿತಸ್ಥ ಅಂತ ತೀರ್ಪೂ ಬಂದಿಲ್ಲ. ಎಷ್ಟೋ ಆಟಗಾರ್ತಿಯರು ಅವರ ಪರ ನಿಂತರು. ಟೀಮ್ ಅಂದರೆ ಮನೆ ಇದ್ದ ಹಾಗೆ, ಹರಟೆಯಲ್ಲಿ ಒಂದು ಮಾತು ಹೆಚ್ಚು ಕಮ್ಮಿ ಆಗುತ್ತದೆ.

ರೇಣುಕಾ: ತೀರ್ಪು ಬಂದಿಲ್ಲ, ಸರಿ. ಆದರೆ ಅಂಥ ಮಾತಿನಲ್ಲಿ ತಾನೂ ಸೇರಿದ್ದೆ, ಅದು ಸರಿಯಲ್ಲ ಅಂತ ಅವರೇ ಕ್ಷಮೆ ಕೇಳಿದ್ದಾರಲ್ಲ. 'ಇದು ನನಗೇ' ಅಂತ ಹುಡುಗಿ ಅಂದುಕೊಳ್ಳುತ್ತಾಳೆ ಅನ್ನುವುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ ಅಲ್ಲವಾ? ನೀನೇ ಈಗ ಹೇಳಿದೆ.

ಇದಾದ ಮೇಲೆ ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಮೇಲೆ 'ರೇಣುಕಾ ಬರೆಯುತ್ತಿದ್ದಾರೆ' ಅಂತ ಬರುವುದು, ಹೋಗುವುದು.

ರೇಣುಕಾ: ನಾನು ಇದನ್ನು ಯಾರಿಗೂ ಹೇಳಿಲ್ಲ. ನಿಮ್ಮ ಜೊತೆ ಓದಲು ಬರುವ ಮುಂಚೆ ಒಂದು ಟೂರ್ನಿಗೆ ಹೋಗಿದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಕೋಚ್ ಎಲ್ಲರೆದುರು ಕೇಳಿದರು, "ಗೋಲಿನಲ್ಲಿ ನಿನ್ನ ಗಮನ ಇರಲಿಲ್ಲ, ಯಾರವನು?" ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೆಯ ವಾರ ಇನ್ನೂ ಹತ್ತಿರದ ಪ್ರಶ್ನೆ. ಉತ್ತರ ಕೊಡಲಿಲ್ಲ. ಮುಂದಿನ ಸೆಲೆಕ್ಷನ್‌ನಲ್ಲಿ ನನ್ನ ಹೆಸರು ಇರಲಿಲ್ಲ. ಯಾಕೆ ಅಂತ ಕೇಳಲು ಹೋದರೆ "ಫಾರ್ಮ್ ಇಲ್ಲ" ಅಂದರು. ಫಾರ್ಮ್ ಇತ್ತು. ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ನಾಗರಾಜ್: ರೇಣು, ನಮಗೆ ಒಂದು ಮಾತು ಹೇಳಬಾರದಿತ್ತಾ?

ರೇಣುಕಾ: ಹೇಳಿದ್ದರೆ ನೀನು ಜಗಳಕ್ಕೆ ಹೋಗುತ್ತಿದ್ದೆ. ಸುದ್ದಿ ಮನೆಗೆ ಮುಟ್ಟುತ್ತಿತ್ತು. ಅಪ್ಪ ಆಟವನ್ನೇ ಬಿಡಿಸುತ್ತಿದ್ದರು. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ವನಿತಾ: ರೇಣು, ನಾನು ಇದನ್ನು ಹಾಕುವಾಗ ಯೋಚಿಸಲೇ ಇಲ್ಲ. ಮಗಳ ಕ್ಲಬ್‌ನಲ್ಲಿ ಕೋಚ್ ಮಕ್ಕಳಿಗೆ ನೇರವಾಗಿ ಮೆಸೇಜ್ ಮಾಡುವ ಹಾಗಿಲ್ಲ. ಅಪ್ಪ ಅಮ್ಮನೂ ಅದರಲ್ಲಿ ಇರಲೇಬೇಕು. ಇದೆಲ್ಲ ಯಾಕಪ್ಪಾ ತಲೆನೋವು ಅಂತ ಗೊಣಗುತ್ತಿದ್ದೆ. ಇನ್ನು ಗೊಣಗುವುದಿಲ್ಲ.

ನಾಗರಾಜ್: 'ಹೆಚ್ಚು ಕಮ್ಮಿ ಆಗುತ್ತದೆ' ಅಂತ ನಾನು ಬರೆದದ್ದು ತಪ್ಪು. 22 ಕಪ್ ಗೆದ್ದವರು ಅನ್ನುವುದನ್ನು ನಾನು ಬಿಡುವುದಿಲ್ಲ, ಅದು ಅವರು ದುಡಿದದ್ದು. ಆ ಹುಡುಗಿಯರ ಹತ್ತು ವರ್ಷವನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಮಂಜುನಾಥ: ಹಾಗಾದರೆ ಶೋಭಾಳ ಪಟ್ಟಿಯೂ ಬೇಡ ಅಂತ ಆಗುತ್ತದೆ. ಕೋಚ್ ಕೈಗೆ ಇನ್ನೊಂದು ಕೋಲು ಕೊಟ್ಟ ಹಾಗೆ.

ರೇಣುಕಾ: ಇಲ್ಲ ಮಂಜು, ಅಲ್ಲಿ ನೀನು ತಪ್ಪುತ್ತೀಯ. ನನಗೆ ಅಂಥದ್ದೊಂದು ಪಟ್ಟಿ ಇದ್ದಿದ್ದರೆ ಸಾಕಿತ್ತು. ಎಷ್ಟು ಬಾಲ್ ಹಿಡಿದೆ, ಎಷ್ಟು ಬಿಟ್ಟೆ, ಗೋಡೆಯ ಮೇಲೆ ಇರುತ್ತಿತ್ತು. 'ಫಾರ್ಮ್ ಇಲ್ಲ' ಅಂದಾಗ ಬೆರಳು ಇಟ್ಟು ತೋರಿಸುತ್ತಿದ್ದೆ. ಶೋಭಾಳ ಹುಡುಗಿ ಬಂದು ಕೇಳಿದಳಲ್ಲ, ಹಾಗೆ. ಬಾಲಿನ ಲೆಕ್ಕ ಎಷ್ಟು ಬೇಕಾದರೂ ಕೇಳಲಿ. ಉಳಿದದ್ದು ಯಾವ ಕೋಚಿಗೂ ಬೇಡ.

ಮಂಜುನಾಥ: ಬರೆಯುವವರೂ ಕೋಚೇ ಆದರೆ?

ಶೋಭಾ: ಮೊದಲು ನಾನೇ ಬರೆಯುತ್ತಿದ್ದೆ. ಆ ಬುಧವಾರದ ತಪ್ಪಾದ ಮೇಲೆ ಬಿಟ್ಟೆ. ಈಗ ಆಡದೆ ಕೂತಿರುವ ಎಂಟನೇ ಕ್ಲಾಸಿನ ಇಬ್ಬರು ಬೇರೆ ಬೇರೆ ಬರೆಯುತ್ತಾರೆ. ಸಂಜೆ ಎರಡೂ ಕೂಡಿಸಿ ನೋಡುತ್ತೇವೆ, ತಾಳೆ ಆಗದಿದ್ದರೆ ಆ ಆಟವನ್ನು ಮತ್ತೆ ಆಡಿಸುತ್ತೇನೆ.

ರೇಣುಕಾ: ಗೋಲ್‌ಕೀಪರ್‌ಗಳಿಗೂ ಬರೆಯುತ್ತೀಯಾ?

ಶೋಭಾ: ಅದೇ ಗೊತ್ತಾಗುತ್ತಿಲ್ಲ ನನಗೆ. ಗೋಲು ಬಿಟ್ಟದ್ದು ಮಾತ್ರ ಎಣಿಸುತ್ತಿದ್ದೇನೆ. ಅದು ನ್ಯಾಯ ಅಲ್ಲ ಅಂತ ಅನಿಸುತ್ತದೆ.

ರೇಣುಕಾ: ಖಂಡಿತ ಅಲ್ಲ. ಮುಂದೆ ಬಂದು ಕೋನ ಮುಚ್ಚಿದ್ದು, ಡಿಫೆಂಡರ್‌ಗೆ ಕೂಗಿ ಹೇಳಿದ್ದು, ಬಾಲ್ ಹಿಡಿದು ಸರಿಯಾದವಳಿಗೆ ಎಸೆದದ್ದು, ಅದನ್ನೆಲ್ಲ ಬರೆಯಬೇಕು. ಶನಿವಾರ ನನಗೆ ಅರ್ಧ ದಿನ ಸ್ಕೂಲು. ಧಾರವಾಡದಿಂದ ಮಧ್ಯಾಹ್ನದ ಬಸ್ ಹತ್ತಿದರೆ ನಾಲ್ಕಕ್ಕೆ ಬೆಳಗಾವಿಯಲ್ಲಿ ಇರುತ್ತೇನೆ.

ಶೋಭಾ: ಬಾ. ಗ್ಲೌಸ್ ಇದ್ದರೆ ತಾ, ನಮ್ಮಲ್ಲಿ ಒಂದೇ ಜೊತೆ ಇದೆ.